ಟಕ್ ಅಂದ ಮೇಲೇ ಸ್ಟಾರ್ಟು

ಇದು ನಡೆದ ಕಥೆ. ಕಥೆಯೊಳಗಿನ ಕಾರು ಮಾತ್ರ ಬಹಳ ದಿನ ನಡೆಯಲಿಲ್ಲ. ಅದರ ಎಂಜಿನ್ನು ಮನೆ ಮುಂದಿನ ಶೆಡ್ಡಿನಲ್ಲಿ ಮೂರು ಕಬ್ಬಿಣದ ಪೈಪುಗಳ ನಡುವೆ ನೇತಾಡುತ್ತಿತ್ತು. ರೇಡಿಯೇಟರು ಬಚ್ಚಲಮನೆಯ ಬಾಗಿಲಿಗೆ ಒರಗಿ ಸರದಿಗೆ ಕಾದವರ ಹಾಗೆ ನಿಂತಿತ್ತು. ತೊಳೆದು ಒರೆಸಿದ ನಾಲ್ಕು ಪಿಸ್ಟನ್ನುಗಳು ಅಡುಗೆಮನೆಯ ಕಪಾಟಿನಲ್ಲಿ, ಲೋಟಗಳ ಪಕ್ಕ, ಲೋಟಗಳಂತೆಯೇ ಬೋರಲು ಕೂತಿದ್ದವು. ಸುಳ್ಳು ಅನ್ನಿಸಿದವರು ಆ ಬೀದಿಯವರನ್ನು ವಿಚಾರಿಸಬಹುದು. ಕಥೆಯ ಕೊನೆಯಂತೂ ಅವರಿಗೆಲ್ಲ ಚೆನ್ನಾಗಿ ಕೇಳಿಸಿದೆ.

ಅಜ್ಜಿಗೆ ಕಣ್ಣು ಮಂಜು. ಒಂದು ಸಂಜೆ ಕಪಾಟಿಗೆ ಕೈ ಹಾಕಿ ಪಿಸ್ಟನ್ನೊಂದನ್ನು ತೆಗೆದು, ನೀರಿನ ಕೊಡದಲ್ಲಿ ಅದ್ದಿ, ಬಾಯಿಯ ತನಕ ತಂದಳು. ನೀರು ಸೆರಗಿನ ಮೇಲೆ ಸುರಿಯಿತು.

"ಯಾರೇ ಇದು, ಲೋಟಕ್ಕೆ ಪಕ್ಕದಲ್ಲಿ ತೂತು ಕೊರೆದವರು? ಮುದುಕಿ ಕುಡೀಬಾರದು ಅಂತಾನಾ?"

ಮನೆಯವರೆಲ್ಲ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಬೆನ್ನು ಮಾಡಿ ಕೂತು ಎಣ್ಣೆ ಬಟ್ಟೆಯಲ್ಲಿ ವಾಲ್ವುಗಳನ್ನು ಉಜ್ಜುತ್ತಲೇ ಇದ್ದ. ಎಂಜಿನ್ನಿನ ಧ್ಯಾನದಲ್ಲಿದ್ದಾನೆ ಅಂದುಕೊಂಡು ಮಗಳೂ ಸುಮ್ಮನಾದಳು.

ಮಗಳಿಗೆ ಮನೆಯಲ್ಲಿ ಗಿಳಿ ಎಂದೇ ಹೆಸರು. ಕೇಳಿದ್ದನ್ನು ಕೇಳಿದ ಹಾಗೆ ಮಾಡಿ ತೋರಿಸುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಈಗ ಅವಳ ಕೆಲಸ, ಬಟ್ಟೆ ಒಗೆಯುವ ಮಿಷನ್ನು ಕೆಟ್ಟವರ ಬೈಗುಳವನ್ನು ಫೋನಿನಲ್ಲಿ ಕೇಳಿಸಿಕೊಳ್ಳುವುದು. ಹಗಲಿಡೀ ಬೈಸಿಕೊಂಡು ಬಂದು, ಸಂಜೆ ಊಟದ ಹೊತ್ತಿಗೆ ಬೈದವರನ್ನೆಲ್ಲ ಒಬ್ಬೊಬ್ಬರಾಗಿ ಬಡಿಸುತ್ತಿದ್ದಳು. ಮೂಗಿನಲ್ಲಿ ಮಾತಾಡುವ ವಕೀಲ, ಅಳುತ್ತಲೇ ಗದರುವ ಅತ್ತೆ, ಕೊನೆಗೆ ಆ ಮಿಷನ್ನು ಕೂಡ.

ಈ ವಿದ್ಯೆಗೆ ಮೊದಲ ಗಿರಾಕಿ ಅಪ್ಪನೇ. ಅವನು ದೊಡ್ಡ ಗ್ಯಾರೇಜಿನಲ್ಲಿ ಮೇಸ್ತ್ರಿ. ಕಾರಿನವರು ಬಂದು "ಮುಂದುಗಡೆ ಏನೋ ಒಂಥರಾ ಸದ್ದು" ಎಂದರೆ ಅವನಿಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಶಾಲೆ ಬಿಟ್ಟು ಗ್ಯಾರೇಜಿಗೆ ಬರುತ್ತಿದ್ದ ಮಗಳಿಗೆ ಒಂದೊಂದೇ ಸದ್ದು ಕಲಿಸಿದ್ದ. ಕೀಂಯ್ ಅಂದರೆ ಫ್ಯಾನ್ ಬೆಲ್ಟು. ಟಿಕಿಟಿಕಿ ಅಂದರೆ ಟ್ಯಾಪೆಟ್ಟು. ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಕರಕರಕರ ಅಂದರೆ ಟೈಮಿಂಗ್ ಚೈನು. ಅವಳು ಕಾರಿನವರ ಮುಂದೆ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಳು. ಅವರು "ಹಾಂ, ಇದೇ ಇದೇ" ಎಂದು ಬೆರಳು ತೋರಿಸುತ್ತಿದ್ದರು. ಮನೆಯಲ್ಲಿ ಅದು ಆಟವಾಯಿತು. ಗಿಳಿ ಸದ್ದು ಮಾಡಿ "ಏನು ಕಾಯಿಲೆ?" ಎನ್ನಬೇಕು, ಅಪ್ಪ ತುತ್ತು ಕೆಳಗಿಡದೆ ಹೇಳಬೇಕು. ಒಂದು ಸಲವೂ ತಪ್ಪಿದವನಲ್ಲ.

ಮೂರು ತಿಂಗಳ ಹಿಂದೆ ಅವನು ಗ್ಯಾರೇಜು ಬಿಟ್ಟು ಮನೆಯಲ್ಲಿ ಕೂತ. ಈಗಿನ ಕಾರುಗಳಿಗೆ ಮೇಸ್ತ್ರಿ ಬೇಡ, ಕಂಪ್ಯೂಟರೇ ಸಾಕು, ನಾನೇ ಬಿಟ್ಟು ಬಂದೆ ಎಂದ. ಯಾರೂ ಹೆಚ್ಚು ಕೆದಕಲಿಲ್ಲ. ವಾರ ಕಳೆಯುವುದರೊಳಗೆ ಸ್ವಂತ ಕಾರಿನ ಬಾನೆಟ್ಟು ಎತ್ತಿದ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆ ಕಾರು ಬಹಳ ದಿನದಿಂದ ಕರಕರ ಎನ್ನುತ್ತಿತ್ತು. ಎಂಜಿನ್ನಿನ ಹೊಟ್ಟೆಯೊಳಗೆ ಸೈಕಲ್ಲಿಗೆ ಇರುವಂಥದ್ದೇ ಒಂದು ಚೈನು ಇರುತ್ತದೆ. ಕೆಳಗಿನ ಚಕ್ರಕ್ಕೂ ಮೇಲಿನ ವಾಲ್ವುಗಳಿಗೂ ತಾಳ ತಪ್ಪದಂತೆ ನೋಡಿಕೊಳ್ಳುತ್ತದೆ. ಅದು ಸಡಿಲವಾದರೆ ಗೋಡೆಗೆ ಬಡಿಯುತ್ತದೆ. ಒಂದು ಹಲ್ಲು ಜಾರಿತೋ, ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾಗಿ ಎಂಜಿನ್ನು ಅಲ್ಲೇ ನಿಲ್ಲುತ್ತದೆ, ರಸ್ತೆ ನಡುವೆಯಾದರೂ ಸರಿ. ಚೈನು ಹೇಗೂ ಬಿಚ್ಚಬೇಕು, ಬಿಚ್ಚಿದ ಮೇಲೆ ಪೂರ್ತಿ ಎಂಜಿನ್ನೇ ಹೊಸದು ಮಾಡಿಬಿಡ್ತೀನಿ ಎಂದು ಅಪ್ಪ ಹೊರಟ.

ಇದರಿಂದ ಕಷ್ಟಕ್ಕೆ ಬಿದ್ದವನು ಗಿಳಿಯ ಅಣ್ಣ. ಅವನು ಔಷಧ ಕಂಪನಿಯ ಚೀಲ ಹೊತ್ತು ಡಾಕ್ಟರುಗಳ ಬಾಗಿಲು ಕಾಯುವವನು. ಕಾರು ಮಲಗಿದ ಮೇಲೆ ಬಸ್ಸಿನಿಂದ ಬಸ್ಸಿಗೆ ಹಾರಿ, ಸಂಜೆ ಮನೆಗೆ ಬರುವಾಗ ಅವನ ಮುಖ ಅವನ ಶರ್ಟಿಗಿಂತ ಹೆಚ್ಚು ಮುದುಡಿರುತ್ತಿತ್ತು.

"ಯಾವಾಗ ಮುಗಿಯುತ್ತೆ ಅಪ್ಪ ಇದು?" ಎಂದ ಒಂದು ದಿನ ಊಟಕ್ಕೆ ಕೂತಾಗ.

"ಚೆನ್ನಾಗಿದೆ. ಉಪ್ಪು ಮಾತ್ರ ಸ್ವಲ್ಪ ಮುಂದು," ಎಂದ ಅಪ್ಪ, ಗಟ್ಟಿಯಾಗಿ.

ಅಣ್ಣ ತಟ್ಟೆ ಸರಿಸಿದ. ಮಾತು ಕೇಳಿಸದ ಹಾಗೆ ನಾಟಕ ಮಾಡೋದು ಬೇರೆ, ಎಂದು ಗೊಣಗಿದ. ಗುಜರಿಯವನ ಹತ್ತಿರ ಮಾತಾಡಿದ್ದೀನಿ, ಇದ್ದ ಹಾಗೇ ಎತ್ತಿಕೊಂಡು ಹೋಗ್ತಾನಂತೆ, ಬಂದಷ್ಟು ಬರಲಿ, ನನಗೊಂದು ಸೆಕೆಂಡ್ ಹ್ಯಾಂಡ್ ಬೈಕಾದರೂ ಆಗುತ್ತೆ ಎಂದ. ಅಪ್ಪ ಅನ್ನಕ್ಕೆ ಬೇಳೆ ಕಲಸುತ್ತ, ನಾಳೆ ರಿಂಗು ಹಾಕ್ತೀನಿ, ಸಿಲಿಂಡರು ಕನ್ನಡಿ ಥರ ಇದೆ ಎಂದ. ಅಮ್ಮ ಎಂದಿನಂತೆ, "ಮೆಲ್ಲಗೆ ಮಾತಾಡಿ, ಇಡೀ ಬೀದಿಗೆ ಕೇಳಿಸ್ತಿದೆ," ಎಂದಳು. ಕೆಲವು ತಿಂಗಳಿಂದ ದಿನಕ್ಕೆ ಹತ್ತು ಸಲವಾದರೂ ಅವಳು ಹೇಳುತ್ತಿದ್ದ ಮಾತು ಅದು. ಗ್ಯಾರೇಜಿನಲ್ಲಿ ಇದ್ದು ಇದ್ದು ಅಪ್ಪನ ಗಂಟಲು ಅಗಲವಾಗಿದೆ ಅಂತ ಎಲ್ಲರೂ ತಿಳಿದಿದ್ದರು.

ಭಾನುವಾರ ಅಣ್ಣನಿಗೆ ಕಂಪನಿಯ ಮೀಟಿಂಗು. ಉಳಿದವರು ಬೆಳಗಿನ ತಿಂಡಿಗೆ ಕೂತಿದ್ದರು. ಗಿಳಿಗೆ ಹೊಸದೊಂದು ಕೀಟಲೆ ಹೊಳೆದಿತ್ತು. ಬಾಯಿ, ಕೆನ್ನೆ, ಹುಬ್ಬು ಎಲ್ಲವನ್ನೂ ಅಲ್ಲಾಡಿಸುವುದು, ಸದ್ದು ಮಾತ್ರ ಮಾಡದೆ ಇರುವುದು. ಅಪ್ಪ ಏನೂ ಕೇಳಿಸ್ತಿಲ್ಲವಲ್ಲೇ ಎನ್ನುತ್ತಾನೆ. ಆಗ ಇವಳು, ಎಂಜಿನ್ ಆಫ್ ಆಗಿದೆ ಅಪ್ಪ, ಎನ್ನುವುದು. ಅವಳು ಎದುರು ಕೂತು, ಕೈಯಲ್ಲಿ ಸನ್ನೆ ಮಾಡಿ ಕರೆದು, ಕತ್ತಿನ ನರ ಉಬ್ಬುವ ಹಾಗೆ ಬಾಯಿ ಅಲ್ಲಾಡಿಸಿದಳು. ಕೊನೆಗೆ ತುಟಿಯಲ್ಲೇ ಕೇಳಿದಳು: ಏನು ಕಾಯಿಲೆ?

ಅಪ್ಪ ಒಂದು ಗುಟುಕು ಚಹಾ ಕುಡಿದ. ಮೇಲೆ ನೋಡಿದ. ಎಂದಿನ ಠೀವಿಯಲ್ಲೇ ಹೇಳಿದ:

"ಟ್ಯಾಪೆಟ್ಟು. ಎರಡನೇ ಸಿಲಿಂಡರು. ಇಷ್ಟೂ ಗೊತ್ತಾಗಲ್ವೇನೇ ನನಗೆ?"

ಅಜ್ಜಿ ಮೊದಲು ನಕ್ಕಳು, ಯಾರಾದರೂ ನಗುತ್ತಾರೆ ಎಂದು. ಯಾರೂ ನಗಲಿಲ್ಲ. ಗಿಳಿಯ ಬಾಯಿ ತೆರೆದೇ ಇತ್ತು. ಅಮ್ಮ ಚಹಾದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ತಿಂದು, ಗೆದ್ದವನ ಹಾಗೆ ಕೈ ಕೊಡವಿ, ಶೆಡ್ಡಿಗೆ ಹೋದ.

ಅಡುಗೆಮನೆಯಲ್ಲಿ ಅಮ್ಮ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಕೆಳಗೆ ಪಾತ್ರೆ ಇರಲಿಲ್ಲ.

"ನಿನಗೆ ಗೊತ್ತಿತ್ತಾ ಅಮ್ಮ?"

ಗೊತ್ತಿತ್ತು. ಅಮ್ಮ ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಡುವವಳು. ಮೈ ಯಾವ ಕಡೆ ವಾಲುತ್ತದೆ ಎನ್ನುವುದು ಅವಳ ಕಣ್ಣಿಗೆ ಬೇಗ ಬೀಳುತ್ತದೆ. ಅಪ್ಪ ಎಡಗಡೆ ಕಿವಿ ಕೊಟ್ಟು ಕೂರುತ್ತಾನೆ, ಬೆನ್ನ ಹಿಂದೆ ಮಾತಾಡಿದರೆ ತಿರುಗುವುದಿಲ್ಲ, ಕುಕ್ಕರು ಕೂಗಿ ಕೂಗಿ ಸತ್ತರೂ ಪಕ್ಕದಲ್ಲೇ ಕೂತಿರುತ್ತಾನೆ.

"ಹೇಳಬಾರದಿತ್ತಾ ಅಪ್ಪನಿಗೆ?"

"ಹೇಳಿದೆ. ಕೇಳಿಸಬೇಕಲ್ಲ." ಅಮ್ಮ ನಲ್ಲಿ ನಿಲ್ಲಿಸಿದಳು. "ಒಂದು ಸಲ ಎದುರಿಗೇ ಕೂತು ಹೇಳಿದೆ, ಡಾಕ್ಟರಿಗೆ ತೋರಿಸೋಣ ಅಂತ. ನನಗೇನಾಗಿದೆ ಅಂತ ಎದ್ದು ಹೋದರು. ಆಮೇಲೆ ಎರಡು ದಿನ ನನ್ನ ಮುಖ ನೋಡಲಿಲ್ಲ. ನೋಡಿದರೆ ತುಟಿ ನೋಡಬೇಕಲ್ಲ."

ಬಾಗಿಲಲ್ಲಿ ಅಜ್ಜಿ ಗೋಡೆ ಹಿಡಿದು ನಿಂತಿದ್ದಳು. ಅವಳ ಕಿವಿ ಮಾತ್ರ ಇಡೀ ಮನೆಯಲ್ಲೇ ಚುರುಕು.

"ನನ್ನ ಮಗ ನನ್ನ ಮಾತಿಗೆ ಉತ್ತರ ಕೊಟ್ಟು ವರ್ಷ ಆಯ್ತು," ಎಂದಳು. "ಏನು ಹೇಳಿದರೂ ತಲೆ ಆಡಿಸಿ ಹೋಗ್ತಾನೆ. ಮುದುಕಿ ಅಂತ ಸದರ ಮಾಡ್ತಾನೆ ಅಂತ ನಾನು... ಎಷ್ಟು ಶಾಪ ಹಾಕಿದೆನೋ."

ಮರುದಿನ ಕೆಲಸ ಮುಗಿಸಿ ಗಿಳಿ ಗ್ಯಾರೇಜಿಗೆ ಹೋದಳು. ಯಜಮಾನ ಅವಳನ್ನು ಚಿಕ್ಕಂದಿನಿಂದ ಬಲ್ಲವನು. ಒಳಗೆ ಕೂರಿಸಿ ಬಾಗಿಲು ಮುಂದೆ ಮಾಡಿದ. ಮೇಸ್ತ್ರಿ ಸರಿಯಾಗಿದೆ ಎಂದು ಕಳಿಸಿದ ಕಾರೊಂದು ಊರ ಹೊರಗೆ ಚೈನು ಜಾರಿ ಕೆಟ್ಟು ನಿಂತಿತ್ತು. ಅದರಲ್ಲಿ ಮಕ್ಕಳಿದ್ದರು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆ ಕಾರು ಗೇಟು ದಾಟುವಾಗಲೇ ಕರಕರ ಎಂದದ್ದು ಗ್ಯಾರೇಜಿನ ಎಲ್ಲರಿಗೂ ಕೇಳಿಸಿತ್ತು. ಮೇಸ್ತ್ರಿ ಬಿಟ್ಟಿದ್ದಾರೆ ಅಂದ ಮೇಲೆ ಏನೋ ಲೆಕ್ಕ ಇರಬೇಕು ಎಂದು ಯಾರೂ ಬಾಯಿ ಬಿಡಲಿಲ್ಲ.

"ಕಿವಿಗೆ ತೋರಿಸಿಕೊಳ್ಳಿ ಮೇಸ್ತ್ರಿ, ಆಮೇಲೆ ಬನ್ನಿ ಅಂದೆ ಕಣಮ್ಮ," ಎಂದ ಯಜಮಾನ. "ಆಗಲಿ ಅಂತ ನಕ್ಕೊಂಡು, ತಮ್ಮ ಸ್ಪ್ಯಾನರುಗಳನ್ನೆಲ್ಲ ಒರೆಸಿ ಚೀಲಕ್ಕೆ ಹಾಕ್ಕೊಂಡು ಹೋದರು. ಬನ್ನಿ ಅಂದದ್ದು ಅವರಿಗೆ ಕೇಳಿಸಿರಲಿಲ್ಲ ಅಂತ ಆಮೇಲೆ ಅನ್ನಿಸ್ತು."

ಮನೆಯ ಹೆಂಗಸರು ಮೂವರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಅಣ್ಣನಿಗೆ ಇದು ಗೊತ್ತಾಗಬಾರದು. ಗೊತ್ತಾದರೆ, ಕಿವಿ ಕೇಳಿಸದವರು ಎಂಜಿನ್ನು ಕಟ್ಟುವುದು ಉಂಟೇ ಎಂದು ಆವತ್ತೇ ಗುಜರಿಯವನನ್ನು ಕರೆಸುತ್ತಾನೆ. ಈ ಕಾರು ಹೋದರೆ ಅಪ್ಪನಿಗೆ ಇನ್ನು ಬೆಳಿಗ್ಗೆ ಏಳಲಿಕ್ಕೆ ಒಂದು ಕಾರಣ ಉಳಿಯುವುದಿಲ್ಲ. ಎಂಜಿನ್ನು ಸ್ಟಾರ್ಟ್ ಆಗಲಿ, ಒಂದು ಸಲ ಅವನು ಗೆಲ್ಲಲಿ, ಆಮೇಲೆ ಮೆಲ್ಲಗೆ ಆಸ್ಪತ್ರೆಯ ಮಾತು ತೆಗೆಯೋಣ ಎಂದಳು ಅಮ್ಮ.

ಅಲ್ಲಿಂದ ಮನೆಯಲ್ಲಿ ಮೂಕಾಭಿನಯ ಶುರುವಾಯಿತು. ಅಪ್ಪನನ್ನು ಕರೆಯಬೇಕಾದರೆ ಎದುರಿಗೆ ಬಂದು ನಿಂತು ಕರೆಯುವುದು. ಅಣ್ಣ ಏನಾದರೂ ಕೇಳಿದರೆ, ಅಪ್ಪ ಉತ್ತರಿಸುವ ಮೊದಲೇ ಗಿಳಿ ನಡುವೆ ಬಾಯಿ ಹಾಕಿ, ಅದೇ ಪ್ರಶ್ನೆಯನ್ನು ಅಪ್ಪನ ಮುಖಕ್ಕೆ ತಿರುಗಿ ಇನ್ನೊಂದು ಸಲ ಆಡುವುದು. ನಿನಗ್ಯಾಕೆ ನನ್ನ ಮಾತಿಗೆಲ್ಲ ಡಬ್ಬಿಂಗು ಎಂದು ಅಣ್ಣ ರೇಗುತ್ತಿದ್ದ.

ಸಂಜೆಗಳಲ್ಲಿ ಗಿಳಿ ಟಾರ್ಚು ಹಿಡಿಯುವ ನೆಪದಲ್ಲಿ ಶೆಡ್ಡಿನಲ್ಲಿ ಕೂರುತ್ತಿದ್ದಳು. ಅಪ್ಪನ ಕೈ ಇನ್ನೂ ಅಪ್ಪನ ಕೈಯೇ. ಬೇರಿಂಗಿಗೆ ಎಣ್ಣೆ ಸವರುವಾಗ ಮಗುವಿನ ತಲೆಗೆ ಸವರಿದಂತೆ ಸವರುತ್ತಿದ್ದ. ಪಿಸ್ಟನ್ನಿಗೆ ತೊಡಿಸುವ ರಿಂಗುಗಳ ಬಾಯಿ ಒಂದರ ಕೆಳಗೊಂದು ಬರದಂತೆ ತಿರುಗಿಸಿ ಕೂರಿಸುತ್ತಿದ್ದ. ಬೋಲ್ಟು ಬಿಗಿಯುವ ಉದ್ದನೆಯ ಟಾರ್ಕ್ ರೆಂಚು, ಬಿಗಿ ಸರಿಯಾದಾಗ ಟಕ್ ಎನ್ನುತ್ತದೆ. ಅದು ಅಂಗೈಗೂ ತಿಳಿಯುವ ಟಕ್ಕು, ಅಪ್ಪ ಒಂದನ್ನೂ ತಪ್ಪಿಸಲಿಲ್ಲ. ಕೆಲಸದ ನಡುವೆ ಅವನು ಏನೇನೋ ಗುನುಗುತ್ತಿದ್ದ. ಶ್ರುತಿ ಎಲ್ಲೋ ಇರುತ್ತಿತ್ತು, ಹಾಡು ಎಲ್ಲೋ ಇರುತ್ತಿತ್ತು. ಗಿಳಿ ಟಾರ್ಚನ್ನು ನೆಟ್ಟಗೆ ಹಿಡಿದುಕೊಂಡಿರುತ್ತಿದ್ದಳು.

ಎಂಜಿನ್ನನ್ನು ಕಾರಿನೊಳಗೆ ಇಳಿಸುವ ದಿನ ಅಣ್ಣನೂ ಕೈ ಹಾಕಿದ. ಶರ್ಟಿಗೆ ಗ್ರೀಸು ಹತ್ತಿತು; ಬೈಯಲಿಲ್ಲ. ಒಂದು ವಾರ ಬಿಟ್ಟು ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಆಸ್ಪತ್ರೆ ದೂರ. ಸ್ಟಾರ್ಟ್ ಆದರೆ ಇದರಲ್ಲೇ ಹೋಗೋಣ, ಆಗದಿದ್ದರೆ ಬಾಡಿಗೆ ಕಾರು ಹೇಳ್ತೀನಿ, ಗುಜರಿಯವನಿಗೂ ಹೇಳ್ತೀನಿ ಎಂದ. ಗಿಳಿ ಮೊದಲರ್ಧವನ್ನು ಮಾತ್ರ ಅಪ್ಪನ ಮುಖಕ್ಕೆ ದಾಟಿಸಿದಳು.

ಆಪರೇಷನ್ನಿನ ಹಿಂದಿನ ಸಂಜೆ ಎಲ್ಲ ಮುಗಿದು ಒಂದೇ ಒಂದು ಕೆಲಸ ಉಳಿದಿತ್ತು. ಹೊಸ ಚೈನನ್ನು ಬಿಗಿಯಾಗಿ ಇಡುವುದು ಹೆಬ್ಬೆರಳಿನ ಗಾತ್ರದ ಒಂದು ಟೆನ್ಷನರು. ಅದನ್ನು ಅದುಮಿ, ಕೊಂಡಿ ಸಿಕ್ಕಿಸಿ, ಎಂಜಿನ್ನಿನ ಪಕ್ಕದಿಂದ ಒಳಗೆ ಕೂರಿಸುತ್ತಾರೆ. ಆಮೇಲೆ ಕೆಳಗಿನ ಚಕ್ರವನ್ನು ಸ್ಪ್ಯಾನರಿನಿಂದ ಒಂದಿಷ್ಟು ಹಿಂದಕ್ಕೆ ತಿರುಗಿಸಿದರೆ ಒಳಗೆ ಕೊಂಡಿ ಕಳಚಿ, ಸರಳು ಚಿಮ್ಮಿ ಚೈನನ್ನು ಒತ್ತಿ ಹಿಡಿಯುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಟಕ್ ಎಂದು ಕೇಳಿಸುತ್ತದೆ, ಅಷ್ಟೇ. ಟಕ್ ಅಂದ ಮೇಲೇ ಸ್ಟಾರ್ಟು ಎಂದು ಅಪ್ಪ ಎಷ್ಟೋ ಜನರಿಗೆ ತಲೆಗೆ ಮೊಟಕಿ ಕಲಿಸಿದ್ದ.

ಅವನು ಮೊಣಕಾಲೂರಿ ಸ್ಪ್ಯಾನರು ತಿರುಗಿಸಿದ. ನಿಲ್ಲಿಸಿದ. ಮತ್ತೆ ತಿರುಗಿಸಿದ. ಕತ್ತು ಓರೆ ಮಾಡಿ ಎಡಗಿವಿಯನ್ನು ಎಂಜಿನ್ನಿಗೆ ಒಡ್ಡಿದ. ಅಣ್ಣ ಕೀ ಹಿಡಿದು ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಅವನ ಹುಬ್ಬು ನಿಧಾನವಾಗಿ ಗಂಟಾಗುತ್ತಿತ್ತು. ಅಪ್ಪ ಮೂರನೇ ಸಲ ತಿರುಗಿಸಿ, ತಲೆ ಎತ್ತದೆ, ಕಣ್ಣು ಮಾತ್ರ ಎತ್ತಿ ಮಗಳ ಮುಖ ನೋಡಿದ.

"ಟಕ್ ಅಂತಾ?" ಎಂದ.

ಎಂಜಿನ್ನು ಏನೂ ಅಂದಿರಲಿಲ್ಲ. ಅಣ್ಣ ಬಾಯಿ ತೆರೆಯುವುದರಲ್ಲಿದ್ದ. ಗಿಳಿ ಎಂಜಿನ್ನಿನ ಮೇಲೆ ಬಗ್ಗಿ, ಕೂದಲು ಮುಖಕ್ಕೆ ಬಿದ್ದಿರುವಾಗಲೇ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟಳು. ಟಕ್. ಉಕ್ಕಿನ ಮೇಲೆ ಉಕ್ಕು ಬಿದ್ದಂತೆ, ಎಣ್ಣೆಯೊಳಗೆ ಮುಳುಗಿದಂತೆ, ಅಚ್ಚುಕಟ್ಟಾದ ಟಕ್ಕು. ತಲೆ ಎತ್ತಿ ಅಪ್ಪನಿಗೆ ಹೂಂ ಎಂದು ತಲೆ ಆಡಿಸಿದಳು.

"ಹಾಂ, ಕೇಳಿಸ್ತು," ಎಂದ ಅಣ್ಣ, ಅಪ್ಪನಿಗೆ ಕೀ ಕೊಟ್ಟ.

ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಜೊತೆಗೇ ಕರಕರಕರ ಎಂದು ಹೊಸ ಚೈನು ಹಳೇ ಚೈನಿಗಿಂತ ಜೋರಾಗಿ ಬಡಿಯತೊಡಗಿತು. ಅಪ್ಪ ಸ್ಟೀರಿಂಗಿನ ಹಿಂದೆ ಕೂತು, ಗಾಜು ಇಳಿಸಿ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಅವನ ಮುಖ ಅರಳಿತ್ತು.

"ನೋಡಿದ್ರಾ? ಒಂದು ಸದ್ದಿಲ್ಲ. ಕೇಳ್ರಿ, ಕೇಳಿಸಿಕೊಳ್ಳಿ. ಬೆಣ್ಣೆ."

ಅಣ್ಣ ಅಪ್ಪನನ್ನು ನೋಡಿದ, ಎಂಜಿನ್ನನ್ನು ನೋಡಿದ. ಅಮ್ಮ ಅವನ ಮೊಣಕೈಯನ್ನು ಹಿಂದಿನಿಂದ ಹಿಡಿದಿದ್ದಳು. ಅವಳ ಮುಖ ನೋಡಿದ ಮೇಲೆ ಅವನಿಗೆ ತಿಂಗಳುಗಳ ಲೆಕ್ಕವೆಲ್ಲ ಒಮ್ಮೆಲೇ ಕೂಡಿ ಬಂದಿರಬೇಕು. ಉಪ್ಪು ಮುಂದು ಎಂದದ್ದು ಕೂಡ. ಅಪ್ಪನಿಗೆ ಕಾಣುವ ಹಾಗೆ ಬಾಯಿ ಅಗಲಿಸಿ, "ಚೆನ್ನಾಗಿದೆ ಅಪ್ಪ," ಎಂದ.

ಆ ರಾತ್ರಿ ಊಟಕ್ಕೆ ಅಮ್ಮ ಎಲ್ಲರಿಗೂ ಮೊಟ್ಟೆ ಬೇಯಿಸಿದ್ದಳು. ಅಪ್ಪ ಒಬ್ಬನೇ ಹಸಿದವನ ಹಾಗೆ ಉಂಡ. ನಾಳೆ ನನ್ನ ಅಮ್ಮನನ್ನು ನಾನೇ ಕರ್ಕೊಂಡು ಹೋಗ್ತೀನಿ, ಯಾರೂ ಕೀ ಮುಟ್ಟಬೇಡಿ ಎಂದ. ಅಜ್ಜಿ ಒಂದು ತುತ್ತನ್ನೇ ಅಗಿಯುತ್ತ ಅಗಿಯುತ್ತ ಕೂತಿದ್ದಳು.

ಅಣ್ಣ ಕೈ ತೊಳೆಯುವ ನೆಪದಲ್ಲಿ ಗಿಳಿಯನ್ನು ಹಿತ್ತಲಿಗೆ ಕರೆದ.

"ಟಕ್ ಅಂತು ಅಂದ್ಯಲ್ಲೇ?"

"ನಾಲಿಗೆ ಅಂತು."

ಅವನು ಹೊಡೆಯಲು ಬಂದವನ ಹಾಗೆ ಕೈ ಎತ್ತಿ, ಆ ಕೈಯಿಂದ ತನ್ನ ತಲೆಯನ್ನೇ ಹಿಡಿದುಕೊಂಡ. "ಅಜ್ಜಿ ಕೂರೋ ಕಾರು ಕಣೇ ಅದು. ದಾರೀಲಿ ಚೈನು ಜಾರಿದರೆ?"

"ನಿನ್ನ ಮುಂದೆ ಅಪ್ಪನ ಮಾನ ಹೋಗಬಾರದು ಅಂತ ಮಾಡಿದೆ."

"ನನ್ನ ಮುಂದೆ ಅಂದ್ರೆ? ನಾನೇನು ಪಕ್ಕದ ಮನೆಯವನಾ?" ಅಣ್ಣನ ದನಿ ಒಡೆಯಿತು. "ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ದಿನಾ ಅಪ್ಪನಿಗೆ ಬೈದೆ. ನಾಟಕ ಅಂತ ಬೈದೆ." ತಲೆಯಿಂದ ಕೈ ಇಳಿಸಿ, "ನಾನು ಹೇಳಲಾ?" ಎಂದ.

ಬೇಡ, ಸುಳ್ಳು ಹೇಳಿದವಳು ನಾನು, ನಾನೇ ಹೇಳ್ತೀನಿ ಎಂದಳು ಗಿಳಿ.

ಬೆಳಿಗ್ಗೆ ಅಜ್ಜಿಯನ್ನು ಒಗೆದ ಸೀರೆಯಲ್ಲಿ ಸುತ್ತಿ, ಔಷಧದ ಚೀಲದ ಜೊತೆ ಹಿಂದಿನ ಸೀಟಿನಲ್ಲಿ ಕೂರಿಸಿದರು. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆ ಬಾಚಿಕೊಂಡು ಬಂದು ಕೀ ತಿರುಗಿಸಿದ. ತಣ್ಣಗಿದ್ದ ಎಂಜಿನ್ನು ಕರಕರ ಎಂದು ಹಲ್ಲು ಕಡಿಯಿತು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಅಪ್ಪ ಅವರಿಗೆ ಹೆಮ್ಮೆಯಿಂದ ಕೈ ಎತ್ತಿದ.

ಗಿಳಿ ಅವನ ಕಡೆಯ ಬಾಗಿಲು ತೆರೆದಳು. ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿಟ್ಟ ಮಾತುಗಳಿದ್ದವು. ಅವನ್ನು ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರೆ ಕಿಟಕಿಯವರಿಗೂ ಕೇಳಿಸುತ್ತದೆ. ಅವಳು ಅಪ್ಪನ ಬಲಗೈಯನ್ನು ಸ್ಟೀರಿಂಗಿನಿಂದ ಬಿಡಿಸಿ ತನ್ನ ಗಂಟಲಿನ ಮೇಲೆ ಇಟ್ಟುಕೊಂಡಳು. ಚಿಕ್ಕಂದಿನಲ್ಲಿ ಕಲಿತ ಹಾಗೆ, ಎದೆಯಿಂದ, ಕರಕರಕರ ಎಂದಳು. ತುಟಿಯಲ್ಲಿ ಕೇಳಿದಳು: ಏನು ಕಾಯಿಲೆ?

ಅಪ್ಪನಿಗೆ ನಗು ಬಂತು. ಇದೆಂಥ ಹೊತ್ತಿನಲ್ಲಿ ಆಟ ಎನ್ನುವ ಹಾಗೆ. ಬೆರಳು ಅವಳ ಗಂಟಲಲ್ಲಿ ಒಂದು ಗಳಿಗೆ ನಿಂತಿತು. "ಚೈನು," ಎಂದ.

ಅವಳು ಅವನನ್ನು ಕೆಳಗಿಳಿಸಿ, ಬಾನೆಟ್ಟು ಎತ್ತಿ, ಅದೇ ಕೈಯನ್ನು ಓಡುತ್ತಿದ್ದ ಎಂಜಿನ್ನಿನ ಮುಂಭಾಗದ ಮುಚ್ಚಳದ ಮೇಲೆ ಇಟ್ಟಳು.

ಕೈ ಬಹಳ ಹೊತ್ತು ಅಲ್ಲೇ ಇತ್ತು. ಅಣ್ಣ ಬಂದು ಕೀ ಆಫ್ ಮಾಡಿದ ಮೇಲೂ ಇತ್ತು. ಮುಚ್ಚಳ ಬಿಸಿಯಾಗಿರಬೇಕು, ಅಪ್ಪ ಕೈ ತೆಗೆಯಲಿಲ್ಲ.

"ಟಕ್ ಅನ್ನಲಿಲ್ವಾ ನಿನ್ನೆ?"

ಇಲ್ಲ ಎಂದು ತಲೆಯಾಡಿಸಿ, ಗಿಳಿ ತನ್ನ ನಾಲಿಗೆಯನ್ನು ತೋರಿಸಿದಳು.

ಅವನು ತೆರೆದೇ ಇದ್ದ ಬಾಗಿಲಿನ ಬಳಿ ಬಂದು ಮುಂದಿನ ಸೀಟಿನ ಅಂಚಿನ ಮೇಲೆ ಕೂತ. ಎಷ್ಟು ದಿನದಿಂದ ಗೊತ್ತು ನಿಮಗೆ ಎಂದು ಕೇಳಿದ. ಅಮ್ಮ ಎದುರು ಬಂದು ನಿಧಾನವಾಗಿ ಹೇಳಿದಳು. ಅವನು ಅವಳ ತುಟಿಯನ್ನು ಕೊನೆಯ ತನಕ ನೋಡಿದ. ಅವತ್ತು ಮುಖ ತಿರುಗಿಸಲಿಲ್ಲ.

"ನನಗೆ ಅದಕ್ಕೂ ಮೊದಲೇ ಗೊತ್ತು," ಎಂದ. "ಸುಮ್ಮನೆ ತಲೆ ಆಡಿಸ್ತಿದ್ದೆ. ಆಡಿಸಿದರೆ ಜನ ಖುಷಿಯಾಗಿ ಹೋಗ್ತಾರೆ. ಗ್ಯಾರೇಜಲ್ಲೂ ಹಾಗೇ ಆಡಿಸಿದೆ, ಆ ಕಾರಿಗೆ. ಮಕ್ಕಳಿದ್ರಂತೆ ಅದರಲ್ಲಿ."

ಹಿಂದಿನ ಸೀಟಿನ ಕಿಟಕಿಯಿಂದ ಅಜ್ಜಿಯ ಕೈ ತಡವರಿಸಿಕೊಂಡು ಬಂದು ಅವನ ಶರ್ಟಿನ ಕಾಲರನ್ನು ಹಿಡಿಯಿತು. ಅವಳು ಏನೋ ಅಂದಳು. ಅಪ್ಪ ಅಭ್ಯಾಸದಂತೆ ತಲೆ ಆಡಿಸತೊಡಗಿದ, ಅರ್ಧಕ್ಕೆ ನಿಲ್ಲಿಸಿದ. ತಿರುಗಿ ಅವಳ ಮುಖದ ಹತ್ತಿರ ಬಗ್ಗಿದ.

"ಏನಂದೆ ಅಮ್ಮ?"

ಅಜ್ಜಿ ಅತ್ತಳು. ಅವನ ಎಡಗಿವಿಗೆ ಬಾಯಿ ಹಚ್ಚಿ ಇನ್ನೊಂದು ಸಲ ಹೇಳಿದಳು:

"ಏನಿಲ್ಲವೋ. ತಿಂಡಿ ತಿಂದ್ಯಾ ಅಂತ ಕೇಳಿದೆ."

"ತಿಂದೆ," ಎಂದ ಅಪ್ಪ. "ತಿಂದೆ ಅಮ್ಮ."

ಅಣ್ಣ ಆಸ್ಪತ್ರೆಗೆ ಫೋನು ಮಾಡಿ ಒಂದು ಗಂಟೆ ತಡವಾಗುತ್ತದೆ ಎಂದ. ಅಲ್ಲೇ ಕಿವಿಯನ್ನೂ ನೋಡುತ್ತಾರಾ ಎಂದು ಕೇಳಿದ. ಪಕ್ಕದ ಕಟ್ಟಡದಲ್ಲಿ ನೋಡುತ್ತಾರೆ ಎಂದರು. ಅದನ್ನೂ ಅಪ್ಪನ ಎದುರು ನಿಂತು, ಗಿಳಿಯ ಡಬ್ಬಿಂಗಿಲ್ಲದೆ, ತಾನೇ ಹೇಳಿದ. ಹೋದ ಸದ್ದು ವಾಪಸ್ ಬರಲ್ಲ ಕಣೋ ಎಂದ ಅಪ್ಪ. ಬರದಿದ್ದರೆ ಬೇಡ, ಇರೋದನ್ನಾದರೂ ಹಿಡಿದುಕೊಳ್ಳೋಣ ಎಂದ ಅಣ್ಣ. ಅಪ್ಪ ಬೇಡ ಅನ್ನಲಿಲ್ಲ.

ಆಮೇಲೆ ಎದ್ದು ಇಸ್ತ್ರಿ ಶರ್ಟು ಬಿಚ್ಚಿ ಅಮ್ಮನ ಕೈಗೆ ಕೊಟ್ಟ. ಚೀಲದಿಂದ ತನ್ನ ಅತಿ ಉದ್ದದ ಸ್ಕ್ರೂಡ್ರೈವರು ತೆಗೆದ. ಮೇಸ್ತ್ರಿಗಳು ಅದರ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಒಳಗಿನ ಸದ್ದು ಆಲಿಸುತ್ತಾರೆ. ಅಪ್ಪ ತುದಿಯನ್ನು ಟೆನ್ಷನರಿನ ತಲೆಗೆ ಇಟ್ಟ. ಹಿಡಿಯನ್ನು ಕಿವಿಯ ಬಳಿ ಒಯ್ದು, ತಡೆದು, ಹಲ್ಲುಗಳ ನಡುವೆ ಕಚ್ಚಿಕೊಂಡ. ಕಣ್ಣು ಮುಚ್ಚಿದ. ತಿರುಗಿಸು ಎಂದು ಅಣ್ಣನಿಗೆ ಕೈ ತೋರಿಸಿದ.

ಅಣ್ಣ ಕೆಳಗೆ ಮಲಗಿ ಸ್ಪ್ಯಾನರನ್ನು ಹಿಂದಕ್ಕೆ ಎಳೆದ. ಏನೂ ಇಲ್ಲ. ಅಪ್ಪ ಬಿಡುವಿದ್ದ ಕೈಯಿಂದ ಸುತ್ತಿಗೆಯ ಹಿಡಿ ತೆಗೆದು ಟೆನ್ಷನರಿನ ಬದಿಗೆ ಮೆಲ್ಲಗೆ ಒಂದು ತಟ್ಟಿದ, ಮತ್ತೆ ಕೈ ತೋರಿಸಿದ. ಅಣ್ಣ ಇನ್ನೂ ಸ್ವಲ್ಪ ಎಳೆದ. ಗಿಳಿ ತನ್ನ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಟಕ್.

ಅಪ್ಪನ ಕಣ್ಣು ತೆರೆಯಿತು. "ಅಂತು," ಎಂದ, ಸ್ಕ್ರೂಡ್ರೈವರು ಬಾಯಲ್ಲಿರುವಾಗಲೇ. ಜೊಲ್ಲು ಗಲ್ಲದ ಮೇಲೆ ಇಳಿಯಿತು, ಕಣ್ಣೀರೂ ಅದನ್ನು ಕೂಡಿಕೊಂಡಿತು. ಎರಡನ್ನೂ ಅವನು ಒರೆಸಿಕೊಳ್ಳಲಿಲ್ಲ.

ಈ ಸಲ ಕೀ ತಿರುಗಿಸಿದವಳು ಗಿಳಿ. ಎಂಜಿನ್ನು ಹತ್ತಿಕೊಂಡಿತು, ಕರಕರ ಇಲ್ಲ, ಟಿಕಿಟಿಕಿ ಇಲ್ಲ, ತೆಳ್ಳಗಿನ ಗುಂಯ್ ಮಾತ್ರ. ಅಪ್ಪ ಬೆಣ್ಣೆ ಅನ್ನಲಿಲ್ಲ. ಮಗಳ ಎದುರು ಬಂದು ನಿಂತ.

"ಏನು ಕೇಳಿಸ್ತಿದೆ ಹೇಳು. ನಿಜ ಹೇಳಬೇಕು."

ಗಿಳಿ ಬಾಯಿ, ಕೆನ್ನೆ, ಹುಬ್ಬು ಎಲ್ಲವನ್ನೂ ಅಲ್ಲಾಡಿಸಿದಳು; ಸದ್ದು ಮಾತ್ರ ಮಾಡಲಿಲ್ಲ. ಅವನ ಕೈಯನ್ನು ತೆಗೆದು ಗಂಟಲಿಗೆ ಹಚ್ಚಿಕೊಂಡಳು. ಅಲ್ಲಿ ಏನೂ ಅದುರುತ್ತಿರಲಿಲ್ಲ.

ಅಪ್ಪನ ಬೆರಳು ಅಲ್ಲೇ ನಿಂತಿತು. ಎಲ್ಲೋ ನೋಡಿದ ಮುಖವಲ್ಲವೇ ಇದು ಎನ್ನುವ ಹಾಗೆ ಅವಳನ್ನು ದಿಟ್ಟಿಸಿದ.

"ಆ ಭಾನುವಾರ ತಿಂಡಿ ಹೊತ್ತಲ್ಲಿ ಹೀಗೇ ಮಾಡಿದ್ಯಲ್ಲ. ಆಗಲೂ ಸದ್ದಿರಲಿಲ್ವಾ?"

ಗಿಳಿ ಇಲ್ಲವೆಂದು ತಲೆಯಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಮತ್ತೆ ನಾನು ಟ್ಯಾಪೆಟ್ಟು ಅಂದೆ."

ಅವಳು ಹೌದೆಂದು ತಲೆಯಾಡಿಸಿ, ಎರಡು ಬೆರಳು ಎತ್ತಿ ತೋರಿಸಿದಳು.

"ಎರಡನೇ ಸಿಲಿಂಡರು ಬೇರೆ," ಎಂದ ಅಪ್ಪ.

ಮೊದಲು ಅವನ ಹೊಟ್ಟೆ ಅಲ್ಲಾಡಿತು, ಆಮೇಲೆ ಹೆಗಲು. ಆಮೇಲೆ ನಗು ಬಂತು. ಕಾರಿನ ಮೇಲೆ ಕೈ ಊರಿ, ಬಗ್ಗಿ, ಎದ್ದು, ಎರಡನೇ ಸಿಲಿಂಡರು, ಎರಡನೇ ಸಿಲಿಂಡರು ಎನ್ನುತ್ತ ನಕ್ಕ. ಕಾರಿನ ಕೆಳಗಿನಿಂದ ಎದ್ದು ಬಂದಿದ್ದ ಅಣ್ಣ ನಗತೊಡಗಿದ, ಅಜ್ಜಿ ಹಿಂದಿನ ಸೀಟಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು, ಗಿಳಿ ಅಳುತ್ತಲೇ ನಕ್ಕಳು. ಎಲ್ಲರ ನಗುವನ್ನೂ ಎಂಜಿನ್ನಿನ ಸದ್ದನ್ನೂ ಮುಳುಗಿಸಿಬಿಟ್ಟ ನಗು ಅಪ್ಪನದು. ಪಕ್ಕದ ಮನೆಯ ಕಿಟಕಿ ಮತ್ತೆ ತೆರೆಯಿತು, ಎದುರು ಮನೆಯದೂ ತೆರೆಯಿತು, ಬೀದಿಯ ಕೊನೆಯಲ್ಲಿ ನಾಯಿಯೊಂದು ಬೊಗಳತೊಡಗಿತು.

ಅಮ್ಮ ಇಸ್ತ್ರಿ ಶರ್ಟನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೆಲ್ಲಗೆ, ಬೀದಿಗೆಲ್ಲ ಕೇಳಿಸುತ್ತೆ ಎಂದು ಆವತ್ತು ಅವಳು ಹೇಳಲಿಲ್ಲ.